ಎರಡು ಲಕ್ಷ ಜನ ನೋಡಿದರು, ಪುಡಿ ಕೊಂಡವರು ಇಬ್ಬರು

ಪ್ರಶ್ನೆ

ನಮ್ಮದು ಆಲ್ದೂರು ಹತ್ತಿರ ನಾಲ್ಕು ಎಕರೆ ಕಾಫಿ ತೋಟ. ಬರೀ ಬೀಜ ಮಾರಿದರೆ ಸಾಲದು ಎಂದು ಮೂರು ವರ್ಷದಿಂದ ಚಿಕ್ಕಮಗಳೂರು ಪೇಟೆಯಲ್ಲಿ ಸಣ್ಣ ಮಳಿಗೆ ಹಿಡಿದಿದ್ದೇವೆ. ನಾವೇ ಹುರಿದು, ಪುಡಿ ಮಾಡಿ ಮಾರುತ್ತೇವೆ. ತಿಂಗಳಿಗೆ ಸುಮಾರು 180 ಕಿಲೊ ಹೋಗುತ್ತದೆ. ಎಲ್ಲ ಖರ್ಚು ಕಳೆದು ಕಿಲೊಗೆ 120 ರೂಪಾಯಿ ಉಳಿದರೆ ಹೆಚ್ಚು. ಮಗ ಇನ್‌ಸ್ಟಾಗ್ರಾಂ, ಫೇಸ್‌ಬುಕ್ ಪೇಜ್ ಮಾಡಿಕೊಟ್ಟಿದ್ದಾನೆ. ಕಳೆದ ಮಳೆಗಾಲದಲ್ಲಿ ತೋಟದ ದಾರಿಯ ಒಂದು ಮಳೆ ವಿಡಿಯೊವನ್ನು ಎರಡು ಲಕ್ಷ ಜನ ನೋಡಿದರು. ಖುಷಿಯೋ ಖುಷಿ. ಆದರೆ ಅದರಿಂದ ಪುಡಿ ಕೊಂಡವರು ಇಬ್ಬರೇ. ದುಡ್ಡು ಕೊಟ್ಟರೆ ಪೋಸ್ಟನ್ನು ಹೆಚ್ಚು ಜನಕ್ಕೆ ತೋರಿಸುವ 'ಬೂಸ್ಟ್' ಒತ್ತಿ ಮೂರು ಸಾವಿರ ಹಾಕಿದೆವು. ಲೈಕ್ ಬಂತು, ವ್ಯಾಪಾರ ಬರಲಿಲ್ಲ. ಈಗ ಒಂದು ಏಜೆನ್ಸಿಯವರು ತಿಂಗಳಿಗೆ 15,000 ಕೊಟ್ಟರೆ ಮೂರು ತಿಂಗಳಲ್ಲಿ ಹತ್ತು ಸಾವಿರ ಫಾಲೋವರ್ಸ್ ಗ್ಯಾರಂಟಿ ಅನ್ನುತ್ತಿದ್ದಾರೆ. ಮಗ ದಿನಾ ರೀಲ್ಸ್ ಹಾಕಬೇಕು ಅನ್ನುತ್ತಾನೆ. ಗೆಳತಿ ಬ್ಲಾಗ್ ಬರಿ ಅನ್ನುತ್ತಾಳೆ. ಈಗ ಬ್ಲಾಗ್ ಯಾರು ಓದುತ್ತಾರೆ? ಮಾವನವರದು ಒಂದೇ ಮಾತು: 'ಪುಡಿ ಚೆನ್ನಾಗಿದ್ದರೆ ಜನ ತಾವೇ ಬರುತ್ತಾರೆ.' ಇದರ ಮಧ್ಯೆ ಒಬ್ಬರು 'ಇದರಲ್ಲಿ ಬರೀ ಚಿಕೋರಿ' (ಕಾಫಿಗೆ ಬೆರೆಸುವ ಬೇರಿನ ಪುಡಿ) ಎಂದು ಕಾಮೆಂಟ್ ಹಾಕಿದರು. ಅಳಿಸಿದೆ. ಅವರು ಹೋಗಿ ಗೂಗಲ್‌ನಲ್ಲಿ ಒಂದು ಸ್ಟಾರ್ ಕೊಟ್ಟರು. ದುಡ್ಡೂ ಹೋಯಿತು, ಮಾನವೂ ಹೋಯಿತು ಅನ್ನುವ ಹಾಗಾಗಿದೆ. ಏನು ಮಾಡಲಿ?

– ಹೆಸರು ಬೇಡ ಎಂದಿರುವ ಓದುಗರು, ಚಿಕ್ಕಮಗಳೂರು

ಉತ್ತರ

ನಿಮ್ಮ ಪತ್ರದಲ್ಲಿ ಐದಾರು ಪ್ರಶ್ನೆಗಳಿವೆ. ಆದರೆ ಎಲ್ಲದರ ಕೆಳಗೆ ಇರುವ ಆತಂಕ ಒಂದೇ: ಇಷ್ಟು ಜನ ನೋಡಿಯೂ ಪುಡಿ ಹೋಗುತ್ತಿಲ್ಲ ಎಂದರೆ ನಮ್ಮಲ್ಲೇ ಏನೋ ಕೊರತೆ ಇದೆಯಾ? ಇಲ್ಲ. ಪೇಟೆ ತುಂಬ ಕಾಫಿ ಪುಡಿ ಅಂಗಡಿಗಳಿರುವ ಚಿಕ್ಕಮಗಳೂರಿನಲ್ಲಿ, ಮೂರೇ ವರ್ಷದಲ್ಲಿ ತಿಂಗಳಿಗೆ 180 ಕಿಲೊ ಮುಟ್ಟಿದ್ದೀರಿ. ಪುಡಿ ಚೆನ್ನಾಗಿಲ್ಲದೆ ಇದು ಆಗುವುದಿಲ್ಲ. ಸೋಷಿಯಲ್ ಮೀಡಿಯಾದಿಂದ ಯಾವ ಕೆಲಸ ಆಗುತ್ತದೆ, ಯಾವುದು ಆಗುವುದಿಲ್ಲ ಎಂದು ನಿಮಗೆ ಯಾರೂ ಬಿಡಿಸಿ ಹೇಳಿಲ್ಲ, ಅಷ್ಟೆ.

ಹಾಸನ, ಚಿಕ್ಕಮಗಳೂರು ಎರಡೂ ಜಿಲ್ಲೆಗಳ ಸಣ್ಣ ವ್ಯಾಪಾರಗಳಿಗೆ ನಾನು ಈ ಕೆಲಸ ಮಾಡಿಕೊಡುತ್ತೇನೆ. ಹೋಂಸ್ಟೇ, ನರ್ಸರಿ, ಜೇನು, ಉಪ್ಪಿನಕಾಯಿ, ಬೇಕರಿ ಹೀಗೆ. ವ್ಯಾಪಾರ ಯಾವುದೇ ಇರಲಿ, ಕಂಡದ್ದು ಒಂದೇ. ಸಣ್ಣ ಅಂಗಡಿಗೆ ಫೋನ್‌ನಿಂದ ಬರುವ ದೊಡ್ಡ ಲಾಭ ಹೊಸ ಗಿರಾಕಿಯಿಂದ ಬರುವುದಲ್ಲ. ಒಮ್ಮೆ ಕೊಂಡವರು ಮತ್ತೆ ಕೊಳ್ಳುವುದರಿಂದ ಬರುತ್ತದೆ. ಎರಡನೆಯದು, ಬೇಕು ಎಂದು ತಾವೇ ಹುಡುಕುತ್ತಿರುವವರ ಕಣ್ಣಿಗೆ ನೀವು ಬೀಳುವುದರಿಂದ. ಗುರುತೇ ಇಲ್ಲದವರಿಗೆ ಆಸೆ ಹುಟ್ಟಿಸಿ ಮಾರುವುದು ಮೂರನೆಯದು. ಅದಕ್ಕೆ ದುಡ್ಡು, ಸಮಯ ಎರಡೂ ಬೇಕು, ಫಲ ಕಡಿಮೆ. ನೀವು ಶುರು ಮಾಡಿದ್ದೇ ಈ ಮೂರನೆಯದರಿಂದ. ಬಹುಪಾಲು ಜನ ಶುರು ಮಾಡುವುದೂ ಅಲ್ಲಿಂದಲೇ.

ಆ ಮಳೆ ವಿಡಿಯೊವನ್ನೇ ತೆಗೆದುಕೊಳ್ಳಿ. ಯಾರು ಒಂದು ವಿಡಿಯೊವನ್ನು ಪೂರ್ತಿ ನೋಡುತ್ತಾರೆ, ಯಾರು ಗೆಳೆಯರಿಗೆ ಕಳಿಸುತ್ತಾರೆ ಎಂದು ಇನ್‌ಸ್ಟಾಗ್ರಾಂ ಗಮನಿಸುತ್ತದೆ. ಆಮೇಲೆ ಅಂಥದ್ದೇ ರುಚಿ ಇರುವ ಇನ್ನಷ್ಟು ಜನಕ್ಕೆ ತೋರಿಸುತ್ತದೆ. ನಿಮ್ಮ ವಿಡಿಯೊದಲ್ಲಿ ಜನ ಮೆಚ್ಚಿದ್ದು ಮಳೆಯನ್ನು, ಹಸಿರನ್ನು. ಹಾಗಾಗಿ ಅದು ಹೋಗಿದ್ದು ಮಳೆ, ಮಲೆನಾಡು, ಪ್ರವಾಸ ಇಷ್ಟಪಡುವವರ ಹತ್ತಿರ. ಅವರಲ್ಲಿ ಹೆಚ್ಚಿನವರು ಟೀ ಕುಡಿಯುವವರೂ ಇರಬಹುದು, ದೆಹಲಿಯಲ್ಲಿ ಕೂತವರೂ ಇರಬಹುದು. ಕೆಳಗಿನ ಕಾಮೆಂಟುಗಳನ್ನು ಒಮ್ಮೆ ತೆಗೆದು ನೋಡಿ. 'ಇದು ಯಾವ ಜಾಗ', 'ಉಳಿಯಲು ರೂಮ್ ಸಿಗುತ್ತಾ' ಎಂಬ ಮಾತೇ ಜಾಸ್ತಿ ಇರುತ್ತದೆ. ಹೋಂಸ್ಟೇ ಇಟ್ಟವರಿಗೆ ಆ ವಿಡಿಯೊ ಚಿನ್ನ. ನಿಮಗೆ ಅದು ಜಾತ್ರೆಯ ಜನ: ತೇರು ನೋಡಲು ಬಂದವರು, ತೇರು ನೋಡಿಕೊಂಡು ಹೋದರು.

ಹಾಗೆಂದು ಅದು ವ್ಯರ್ಥವಲ್ಲ. ನಿಮ್ಮ ಹೆಸರು ಎಲ್ಲೋ ಕೇಳಿದೆ ಅನ್ನುವ ನೆನಪು ನಾಲ್ಕು ಜನರಲ್ಲಿ ಉಳಿದಿರುತ್ತದೆ. ಅದರ ಮೇಲೆ ಲೆಕ್ಕ ಹಾಕಬೇಡಿ ಅಂತ ಮಾತ್ರ ಹೇಳುತ್ತಿದ್ದೇನೆ.

ಈಗ ನಿಮ್ಮ ಅಂಗಡಿಗೇ ಬರೋಣ. ಭಾನುವಾರ ಮಧ್ಯಾಹ್ನ ಮುಳ್ಳಯ್ಯನಗಿರಿ, ಬಾಬಾಬುಡನ್‌ಗಿರಿ ನೋಡಿ ಇಳಿದ ಒಂದು ಬೆಂಗಳೂರಿನ ಸಂಸಾರ ನಿಮ್ಮಲ್ಲಿ ಅರ್ಧ ಕಿಲೊ ಪುಡಿ ಕಟ್ಟಿಸಿಕೊಂಡು ಹೋಗುತ್ತದೆ ಅಂದುಕೊಳ್ಳಿ. ಹುರಿಯುವ ವಾಸನೆಗೆ ಬಂದವರು. ಮನೆಗೆ ಹೋಗಿ ಡಿಕಾಕ್ಷನ್ ಹಾಕಿದರು, ರುಚಿ ಹಿಡಿಸಿತು. ಎರಡು ಮೂರು ವಾರಕ್ಕೆ ಪುಡಿ ಮುಗಿಯಿತು. ಮತ್ತೆ ಬೇಕು. ಆಗ ಅವರು ಖಾಲಿ ಪ್ಯಾಕೆಟ್ ತಿರುಗಿಸಿ ನೋಡುತ್ತಾರೆ. ಅದರ ಮೇಲೆ ಏನಿದೆ? ಅಂಗಡಿ ಹೆಸರು, ಒಂದು ಕಾಫಿ ಬೀಜದ ಚಿತ್ರ, ಬಹುಶಃ ಇನ್‌ಸ್ಟಾಗ್ರಾಂ ಹೆಸರು. ಫೋನ್ ನಂಬರ್ ಸಣ್ಣಕ್ಷರದಲ್ಲಿ, ಮಡಿಕೆಯೊಳಗೆ. ಅವರು ಯಾವ ಹದ ಕೊಂಡಿದ್ದರು, ಚಿಕೋರಿ ಎಷ್ಟಿತ್ತು ಅನ್ನುವುದು ಅವರಿಗೂ ನೆನಪಿಲ್ಲ, ನಿಮಗೂ ಇಲ್ಲ. ರಸ್ತೆ ಬದಿಯ ಅಂಗಡಿಯಿಂದ ಬೇರೆ ಪುಡಿ ತರುತ್ತಾರೆ. ಮುಗಿಯಿತು.

ನಿಮ್ಮ ವ್ಯಾಪಾರ ಸೋರುತ್ತಿರುವ ಜಾಗ ಇದು. ಒಂದು ಮನೆಯವರು ತಿಂಗಳಿಗೆ ಒಂದು ಕಿಲೊ ಕುಡಿದರೆ ವರ್ಷಕ್ಕೆ 12 ಕಿಲೊ. ನಿಮ್ಮದೇ ಲೆಕ್ಕದಲ್ಲಿ 1,440 ರೂಪಾಯಿ ಉಳಿತಾಯ. ಅಂಥ ಐವತ್ತು ಮನೆ ಕೈಲಿ ಉಳಿದರೆ ತಿಂಗಳಿಗೆ 50 ಕಿಲೊ ಹೆಚ್ಚು, 6,000 ರೂಪಾಯಿ ಹೆಚ್ಚು. ಐವತ್ತು ಮನೆ ದೊಡ್ಡ ಮಾತಲ್ಲ. ಅವರೆಲ್ಲ ಆಗಲೇ ನಿಮ್ಮ ಬಾಗಿಲಿಗೆ ಬಂದು ಹೋದವರು.

ಅದಕ್ಕೆ ಮೊದಲ ಕೆಲಸ ಪ್ಯಾಕೆಟ್ ಮೇಲೆ. ವಾಟ್ಸ್‌ಆ್ಯಪ್ ನಂಬರ್ ದಪ್ಪ ಅಕ್ಷರದಲ್ಲಿ ಇರಲಿ. ಸ್ಕ್ಯಾನ್ ಮಾಡಿದರೆ ನೇರ ನಿಮ್ಮ ಚಾಟ್ ತೆರೆಯುವ ಕ್ಯೂಆರ್ ಕೋಡ್ ಇರಲಿ. ಹುರಿದ ತಾರೀಖು ಮತ್ತು ಹದ ಪೆನ್ನಿನಲ್ಲಿ ಬರೆಯಿರಿ. ಸೀಲ್ ಹೊಡೆಯುವುದಕ್ಕಿಂತ ಕೈಬರಹಕ್ಕೆ ಬೆಲೆ ಜಾಸ್ತಿ ಅನ್ನುವುದು ನನ್ನ ಅನುಭವ. ವಾಟ್ಸ್‌ಆ್ಯಪ್ ಬಿಸಿನೆಸ್ ಆ್ಯಪ್ ಬಿಟ್ಟಿ ಸಿಗುತ್ತದೆ. ಅದರಲ್ಲಿ ಗಿರಾಕಿಗಳಿಗೆ ಲೇಬಲ್ ಹಾಕಬಹುದು, 'ಮಧ್ಯಮ ಹುರಿ, 80:20' ಅಂತ (80 ಭಾಗ ಕಾಫಿ, 20 ಭಾಗ ಚಿಕೋರಿ). ಬೆಲೆ ಪಟ್ಟಿಯನ್ನು ಫೋಟೊ ಸಮೇತ ಕ್ಯಾಟಲಾಗ್ ಮಾಡಿ ಇಡಬಹುದು.

ಬಿಲ್ ಮಾಡುವಾಗ ಕೇಳಿ: 'ಹೊಸದಾಗಿ ಹುರಿದಾಗ ಒಂದು ಮೆಸೇಜ್ ಹಾಕಲಾ?' ಹೂಂ ಎಂದವರ ನಂಬರ್ ಮಾತ್ರ ಬರೆದುಕೊಳ್ಳಿ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಮೂಲ ಮಾತೇ ಒಪ್ಪಿಗೆ. ಕಾಯ್ದೆ ಹಾಗಿರಲಿ, ಕೇಳದೆ ಬರುವ ಮೆಸೇಜನ್ನು ನಾವೆಲ್ಲ ಬ್ಲಾಕ್ ಮಾಡುತ್ತೇವೆ, ಅಲ್ವಾ? ಹೀಗೆ ಬ್ಲಾಕ್ ಆಗುತ್ತಾ ಹೋದರೆ ವಾಟ್ಸ್‌ಆ್ಯಪ್ ನಿಮ್ಮ ನಂಬರನ್ನೇ ನಿಲ್ಲಿಸಬಹುದು. ಒಂದೇ ಮೆಸೇಜನ್ನು ಹಲವರಿಗೆ ಒಟ್ಟಿಗೆ ಕಳಿಸುವ ಬ್ರಾಡ್‌ಕಾಸ್ಟ್ ಪಟ್ಟಿಯಲ್ಲಿ 256 ಜನರನ್ನು ಸೇರಿಸಬಹುದು. ಆದರೆ ನಿಮ್ಮ ನಂಬರನ್ನು ತಮ್ಮ ಫೋನಿನಲ್ಲಿ ಸೇವ್ ಮಾಡಿಕೊಂಡವರಿಗೆ ಮಾತ್ರ ಅದು ತಲುಪುತ್ತದೆ. ಇದು ಗೊತ್ತಿಲ್ಲದೆ 'ಯಾರೂ ಉತ್ತರ ಕೊಡಲಿಲ್ಲ' ಎಂದು ಬೇಜಾರಾಗುವವರು ತುಂಬ. ಅಂಗಡಿಯಲ್ಲಿ ನಿಂತಿರುವಾಗಲೇ ಸೇವ್ ಮಾಡಿಸಿಬಿಡಿ.

ಮೆಸೇಜ್ ಹೇಗಿರಬೇಕು? ಗುಡ್ ಮಾರ್ನಿಂಗ್ ಹೂವಿನ ಚಿತ್ರ ಬೇಡ. ಹೀಗಿದ್ದರೆ ಸಾಕು: 'ನಮಸ್ಕಾರ. ಕಳೆದ ತಿಂಗಳು ನಮ್ಮಲ್ಲಿ ಅರ್ಧ ಕಿಲೊ 80:20 ಒಯ್ದಿದ್ದಿರಿ. ಈ ಗುರುವಾರ ಹುರಿಯುತ್ತೇವೆ. ಬೇಕಿದ್ದರೆ ಬುಧವಾರ ಸಂಜೆಯೊಳಗೆ ತಿಳಿಸಿ, ಶುಕ್ರವಾರ ಕಳಿಸುತ್ತೇವೆ. ಮೆಸೇಜ್ ಬೇಡವಾದರೆ ಬೇಡ ಎಂದರೆ ಸಾಕು.' ತಿಂಗಳಿಗೆ ಒಂದು, ಹೆಚ್ಚೆಂದರೆ ಎರಡು. ಕೊರಿಯರ್ ಖರ್ಚು ಅರ್ಧ ಕಿಲೊಗೆ ಭಾರವಾಗುತ್ತದೆ. ಎರಡು ಕಿಲೊ ಒಟ್ಟಿಗೆ ತರಿಸಿಕೊಂಡರೆ ಬೆಲೆ ಎಷ್ಟಾಗುತ್ತದೆ ಎಂದು ಅಲ್ಲೇ ಹೇಳಿ. ಒಂದೇ ಅಪಾರ್ಟ್‌ಮೆಂಟಿನ ಮೂರು ನಾಲ್ಕು ಮನೆಯವರು ಸೇರಿ ತರಿಸುವುದನ್ನು ಎಷ್ಟೋ ಕಡೆ ನೋಡಿದ್ದೇನೆ. ಅದನ್ನು ನೀವೇ ಸೂಚಿಸಬಹುದು.

ಮುಂದಿನದು ಗೂಗಲ್ ಮ್ಯಾಪ್. ಊರಿಗೆ ಬಂದ ಪ್ರವಾಸಿ ಇನ್‌ಸ್ಟಾಗ್ರಾಂ ತೆರೆದು ಕಾಫಿ ಪುಡಿ ಅಂಗಡಿ ಹುಡುಕುವುದಿಲ್ಲ. ಮ್ಯಾಪ್ ತೆರೆಯುತ್ತಾನೆ. ನಿಮ್ಮ ಅಂಗಡಿಗೆ ಒಂದು ಸ್ಟಾರ್ ಬಿದ್ದಿದೆ ಎಂದರೆ ಅಲ್ಲಿ ಹೆಸರಂತೂ ಇದೆ. ಅದು ನಿಮ್ಮ ಕೈಲಿದೆಯಾ? ಎಷ್ಟೋ ಅಂಗಡಿಗಳನ್ನು ಯಾರೋ ಗಿರಾಕಿ ಸೇರಿಸಿರುತ್ತಾರೆ. ಮಾಲೀಕರಿಗೆ ಗೊತ್ತೇ ಇರುವುದಿಲ್ಲ. ಗೂಗಲ್ ಬಿಸಿನೆಸ್ ಪ್ರೊಫೈಲ್‌ನಲ್ಲಿ 'ಇದು ನನ್ನ ಅಂಗಡಿ' ಎಂದು ಹಕ್ಕು ಹೇಳಿ. ಸಾಮಾನ್ಯವಾಗಿ ಅಂಗಡಿಯ ಬೋರ್ಡ್, ಒಳಗಿನ ಮೆಷಿನ್ ಎಲ್ಲ ಕಾಣುವ ಹಾಗೆ ಒಂದು ಸಣ್ಣ ವಿಡಿಯೊ ಕೇಳುತ್ತಾರೆ. ಇದಕ್ಕೆ ಒಂದು ಪೈಸೆ ಖರ್ಚಿಲ್ಲ. 'ಗೂಗಲ್‌ನಿಂದ ಕರೆ ಮಾಡುತ್ತಿದ್ದೇವೆ, ಇಷ್ಟು ಕೊಟ್ಟರೆ ಮೇಲೆ ತರುತ್ತೇವೆ' ಅನ್ನುವ ಫೋನ್ ಬಂದರೆ ಇಟ್ಟುಬಿಡಿ. ಭಾನುವಾರ ಎಷ್ಟು ಗಂಟೆವರೆಗೆ ತೆರೆದಿರುತ್ತೀರಿ, ಕಾರು ಎಲ್ಲಿ ನಿಲ್ಲಿಸಬಹುದು, ಯುಪಿಐ ತಗೊಳ್ಳುತ್ತೀರಾ ಎಂಬುದನ್ನು ತುಂಬಿಸಿ. ಇನ್ನೊಂದು ಸಣ್ಣ ಸಂಗತಿ. ನಮ್ಮ ಊರಿನ ಹೆಸರು 2014ರ ನವೆಂಬರ್ 1ರಿಂದ ಇಂಗ್ಲಿಷಿನಲ್ಲೂ ಚಿಕ್ಕಮಗಳೂರು ಆಗಿದೆ. ಆದರೆ ಹೊರಗಿನವರು ಇವತ್ತಿಗೂ ಹಳೆಯ 'ಚಿಕ್‌ಮಗಳೂರ್' ಸ್ಪೆಲ್ಲಿಂಗ್ ಹಾಕಿಯೇ ಹುಡುಕುತ್ತಾರೆ. ನಿಮ್ಮ ಬರಹದಲ್ಲಿ, ವಿವರಣೆಯಲ್ಲಿ ಎರಡೂ ಬರಲಿ.

ಬ್ಲಾಗ್ ಈಗ ಯಾರು ಓದುತ್ತಾರೆ ಎಂದು ಕೇಳಿದ್ದೀರಿ. ಪತ್ರಿಕೆ ಓದಿದ ಹಾಗೆ ದಿನಾ ಬಂದು ಓದುವವರು ಈಗ ಕಡಿಮೆ, ನಿಜ. ಆದರೆ ಹುಡುಕಿಕೊಂಡು ಬಂದು ಓದುವವರು ಇದ್ದೇ ಇದ್ದಾರೆ. ರೀಲ್ ಒಂದೆರಡು ವಾರ ಓಡಿ ತಣ್ಣಗಾಗುತ್ತದೆ. 'ಫಿಲ್ಟರ್ ಕಾಫಿಗೆ ಚಿಕೋರಿ ಎಷ್ಟು ಹಾಕಬೇಕು' ಎಂದು ಯಾರಾದರೂ ಗೂಗಲ್‌ನಲ್ಲಿ ಕೇಳಿದಾಗ ನೀವು ಬರೆದ ಪುಟ ಮೂರು ವರ್ಷ ಕಳೆದ ಮೇಲೂ ಸಿಗಬಹುದು. ಅದನ್ನು ಕೇಳುವವನು ಕಾಫಿ ಕುಡಿಯುವವನೇ. ಮಳೆ ನೋಡಲು ಬಂದವನಲ್ಲ.

ಇನ್ನೊಂದು ಕಾರಣವೂ ಇದೆ, ನನಗೆ ಅದೇ ದೊಡ್ಡದು. ಪೇಜ್ ನಿಮ್ಮದಾದರೂ ಜಾಗ ಇನ್ನೊಬ್ಬರದು. 2020ರ ಜೂನ್ 29ರಂದು ಸರ್ಕಾರ ಟಿಕ್‌ಟಾಕ್ ನಿಷೇಧಿಸಿತು. ಅಲ್ಲಿ ಲಕ್ಷಗಟ್ಟಲೆ ಅನುಯಾಯಿಗಳನ್ನು ಕಟ್ಟಿಕೊಂಡವರ ಕೈ ಒಂದೇ ರಾತ್ರಿಯಲ್ಲಿ ಖಾಲಿ. ಫೇಸ್‌ಬುಕ್‌ನಂಥದ್ದೇ ಆಗಿದ್ದ ಆರ್ಕುಟ್ 2014ರಲ್ಲಿ ಮುಚ್ಚಿತು. ಗೂಗಲ್ ತಾನೇ ಸಣ್ಣ ಅಂಗಡಿಗಳಿಗೆ ಬಿಟ್ಟಿ ಕೊಟ್ಟಿದ್ದ ಒಂದು ಪುಟದ ವೆಬ್‌ಸೈಟುಗಳನ್ನು 2024ರ ಮಾರ್ಚ್‌ನಲ್ಲಿ ನಿಲ್ಲಿಸಿತು. ಗಿರಾಕಿಗಳ ನಂಬರ್ ಪಟ್ಟಿ ಮತ್ತು ಸ್ವಂತ ಹೆಸರಿನ ಒಂದು ವೆಬ್ ವಿಳಾಸ, ಇವೆರಡನ್ನು ಯಾರೂ ಕಿತ್ತುಕೊಳ್ಳುವುದಿಲ್ಲ. ವಿಳಾಸಕ್ಕೆ ವರ್ಷಕ್ಕೆ ಸಾವಿರ ರೂಪಾಯಿ ಆಸುಪಾಸು ಆಗುತ್ತದೆ. ಅದನ್ನು ಗೂಗಲ್‌ನ ಬಿಟ್ಟಿ ಬ್ಲಾಗ್ ಸೇವೆಯಾದ ಬ್ಲಾಗ್‌ಸ್ಪಾಟ್‌ಗೆ ಜೋಡಿಸಿದರೆ ಬೇರೆ ಖರ್ಚು ಇಲ್ಲ. ಬರೆದದ್ದರ ಒಂದು ಪ್ರತಿ ನಿಮ್ಮ ಕಂಪ್ಯೂಟರಿನಲ್ಲೂ ಇರಲಿ.

ಏನು ಬರೆಯುವುದು? ಅಂಗಡಿಯಲ್ಲಿ ಜನ ಕೇಳುವ ಪ್ರಶ್ನೆಗಳನ್ನೇ. ಒಂದು ವಾರ ಕೌಂಟರ್ ಪಕ್ಕ ನೋಟ್‌ಬುಕ್ ಇಡಿ. ಕೇಳಿದ್ದನ್ನೆಲ್ಲ ಗುರುತು ಹಾಕಿ. ಪೀಬೆರಿ ಅಂದರೇನು? ಸಾಮಾನ್ಯವಾಗಿ ಒಂದು ಹಣ್ಣಿನಲ್ಲಿ ಎರಡು ಚಪ್ಪಟೆ ಬೀಜ ಇರುತ್ತವೆ, ಕೆಲವದರಲ್ಲಿ ಒಂದೇ ಗುಂಡು ಬೀಜ ಬೆಳೆಯುತ್ತದೆ. ಇಷ್ಟನ್ನು ಮುರಿದ ಹಣ್ಣಿನ ಫೋಟೊ ಹಾಕಿ ತೋರಿಸುವುದು ನಿಮಗೆ ಸುಲಭ. ಪೇಟೆಯಲ್ಲಿ ಕೂತು ಬರೆಯುವವರಿಗೆ ಆಗುವುದಿಲ್ಲ. ಪುಡಿಯನ್ನು ಫ್ರಿಜ್‌ನಲ್ಲಿ ಇಡಬಹುದಾ? ಕಾಫಿ ಹೂ ಅರಳಿಸುವ ಹೂಮಳೆ ಬಿದ್ದ ಮೇಲೆ ಎಷ್ಟು ದಿನಕ್ಕೆ ತೋಟ ಹೂವಿನಿಂದ ಬೆಳ್ಳಗಾಗುತ್ತದೆ? 2024ರಲ್ಲಿ ಬ್ರೆಜಿಲ್, ವಿಯೆಟ್ನಾಂಗಳಲ್ಲಿ ಬರ ಬಂದು ಕಾಫಿ ಬೆಲೆ ಏರಿದಾಗ 'ನಿಮ್ಮ ತೋಟದ್ದೇ ಬೀಜ, ನೀವು ಯಾಕೆ ರೇಟು ಏರಿಸಿದಿರಿ' ಎಂದು ನಿಮ್ಮನ್ನೂ ಕೇಳಿರುತ್ತಾರೆ. ಅದಕ್ಕೆ ಸಮಾಧಾನವಾಗಿ, ಲೆಕ್ಕ ಸಮೇತ ಬರೆದ ಒಂದು ಪುಟ ಹತ್ತು ಜಾಹೀರಾತಿಗಿಂತ ಹೆಚ್ಚು ನಂಬಿಕೆ ತರುತ್ತದೆ. ಬಾಳೆಹೊನ್ನೂರಿನಲ್ಲಿ 1925ರಿಂದ ಕಾಫಿ ಸಂಶೋಧನಾ ಕೇಂದ್ರ ಇದೆ. ಅಲ್ಲಿಂದ ಬಂದ ಎಸ್. 795 ತಳಿ ನಿಮ್ಮ ತೋಟದಲ್ಲೂ ಇದ್ದರೆ ಅದರ ಕಥೆ ಬರೆಯಿರಿ.

ಶೈಲಿ ಬಗ್ಗೆ ಹೆದರಬೇಡಿ. ಹೀಗೆ ಶುರುವಾದರೆ ಸಾಕು:

'ಅಂಗಡಿಗೆ ಬಂದವರು ಮೊದಲು ಕೇಳುವುದು, ಚಿಕೋರಿ ಹಾಕುತ್ತೀರಾ ಅಂತ. ಬೇಕು ಅಂದವರಿಗೆ ಹಾಕುತ್ತೇವೆ. ಚಿಕೋರಿ ಒಂದು ಗಿಡದ ಬೇರು. ಒಣಗಿಸಿ, ಹುರಿದು ಪುಡಿ ಮಾಡುತ್ತಾರೆ. ಅದರಲ್ಲಿ ಕೆಫೀನ್ ಇಲ್ಲ. ಡಿಕಾಕ್ಷನ್‌ಗೆ ಬಣ್ಣ ಬರುತ್ತದೆ, ಮಂದವಾಗುತ್ತದೆ. ಹಾಲು ಜಾಸ್ತಿ ಹಾಕುವ ಮನೆಗಳಲ್ಲಿ ನೂರಕ್ಕೆ ಇಪ್ಪತ್ತು ಕೇಳುತ್ತಾರೆ. ನಮ್ಮ ಮಾವನವರು ಬೇಡವೇ ಬೇಡ ಅನ್ನುತ್ತಾರೆ.'

ಇದರಲ್ಲಿ ಎಲ್ಲೂ 'ನಮ್ಮ ಪುಡಿ ಕೊಳ್ಳಿ' ಅಂತ ಇಲ್ಲ. ಕೊನೆಯಲ್ಲಿ ವಾಟ್ಸ್‌ಆ್ಯಪ್ ನಂಬರ್ ಇದ್ದರೆ ಆಯಿತು. ತಿಂಗಳಿಗೆ ಒಂದು ಬರಹ ಸಾಕು. ಕೊಯ್ಲಿನ ತಿಂಗಳುಗಳಲ್ಲಿ ಅದೂ ಆಗದಿದ್ದರೆ ಬಿಡಿ, ಕಣದ ಒಂದು ಫೋಟೊ ಹಾಕಿ. ಕನ್ನಡದಲ್ಲೇ ಬರೆಯಿರಿ. ಕಾಫಿ ಬಗ್ಗೆ ಇಂಗ್ಲಿಷಿನಲ್ಲಿ ಬರೆದದ್ದು ರಾಶಿ ಇದೆ. ಬೆಳೆಗಾರರ ಮನೆಯಿಂದಲೇ ಕನ್ನಡದಲ್ಲಿ ಬಂದದ್ದು ಕಡಿಮೆ. ಮಗ ಅದನ್ನೇ ಇಂಗ್ಲಿಷಿಗೆ ತಂದು ಕೆಳಗೆ ಹಾಕಲಿ. ಟೈಪ್ ಮಾಡಲು ಕಷ್ಟವಾದರೆ ಫೋನಿನ ಮೈಕ್ ಒತ್ತಿ ಕನ್ನಡದಲ್ಲೇ ಮಾತಾಡಿ. ಅದು ಬರೆದುಕೊಳ್ಳುತ್ತದೆ, ತಪ್ಪು ತಿದ್ದಿದರೆ ಆಯಿತು. ಬೇರೆಯವರ ಬರಹ ನಕಲು ಮಾಡಬೇಡಿ. ಎಐ ಬರೆದುಕೊಟ್ಟದ್ದನ್ನು ಹಾಗೇ ಹಾಕಲೂ ಬೇಡಿ. ನಿಮ್ಮ ಕಣ, ನಿಮ್ಮ ಹುರಿಯುವ ಡ್ರಮ್ಮು ಅದಕ್ಕೆ ಗೊತ್ತಿಲ್ಲ.

ಹಾಗಾದರೆ ರೀಲ್ಸ್ ಬಿಡಬೇಕಾ? ಬೇಡ. ದಿನಾ ಹಾಕುವುದನ್ನು ಬಿಡಿ. ಮಗ ಓದುವ ಹುಡುಗ, ನಿಮಗೆ ತೋಟ, ಅಂಗಡಿ ಎರಡೂ ಇವೆ. ದಿನಾ ಹಾಕಲು ಹೊರಟವರು ಮೂರನೇ ತಿಂಗಳಿಗೆ ಸುಸ್ತಾಗಿ ಪೂರ್ತಿ ನಿಲ್ಲಿಸುವುದನ್ನೇ ನಾನು ಹೆಚ್ಚಾಗಿ ಕಂಡಿದ್ದೇನೆ. ವಾರಕ್ಕೆ ಒಂದು ಸಾಕು. ಅದರಲ್ಲಿ ಪುಡಿ ಕಾಣಬೇಕು: ಹುರಿಯುವ ಬೀಜದ ಬಣ್ಣ ಬದಲಾಗುವುದು, ಚಟಪಟ ಸದ್ದು, ಫಿಲ್ಟರ್‌ನಿಂದ ಮೊದಲ ಡಿಕಾಕ್ಷನ್ ಇಳಿಯುವುದು. ಸಿನಿಮಾ ಹಾಡು ಹಾಕಬೇಡಿ. ಮನೆಮಂದಿ ಖಾತೆಯಲ್ಲಿ ನಡೆಯುವುದು ವ್ಯಾಪಾರದ ಖಾತೆಯಲ್ಲಿ ನಡೆಯುವುದಿಲ್ಲ. ಹಾಡಿನ ಹಕ್ಕಿನ ವಿಷಯದಲ್ಲಿ ವಿಡಿಯೊ ತೆಗೆದುಹಾಕುತ್ತಾರೆ, ನೋಟಿಸ್ ಕೂಡ ಬರಬಹುದು. ಹುರಿಯುವ ಸದ್ದೇ ಚೆನ್ನಾಗಿರುತ್ತದೆ. ಮಳೆ ವಿಡಿಯೊ ಮತ್ತೆ ಮಾಡುವುದಾದರೆ, ಮಳೆ ನೋಡುತ್ತಾ ಕೈಯಲ್ಲಿ ಲೋಟ ಹಿಡಿದಿರಿ. ಲೋಟದ ಪಕ್ಕ ಪ್ಯಾಕೆಟ್ ಇರಲಿ.

ಏಜೆನ್ಸಿ ವಿಷಯ. ತಿಂಗಳಿಗೆ 15,000ವನ್ನು ನಿಮ್ಮ 120 ರೂಪಾಯಿಯಿಂದ ಭಾಗಿಸಿ. 125 ಕಿಲೊ. ಈಗಿನ 180ರ ಮೇಲೆ ಪ್ರತಿ ತಿಂಗಳು ಇನ್ನೂ 125 ಕಿಲೊ ಮಾರಿದರೆ ಅವರ ಸಂಬಳ ಮಾತ್ರ ಹುಟ್ಟುತ್ತದೆ, ನಿಮಗೆ ಏನೂ ಉಳಿಯುವುದಿಲ್ಲ. ಅಷ್ಟು ಹುರಿಯಲು ನಿಮ್ಮ ಮೆಷಿನ್ ಸಾಕಾ, ಅದೂ ಪ್ರಶ್ನೆ. ಇನ್ನು 'ಹತ್ತು ಸಾವಿರ ಗ್ಯಾರಂಟಿ'. ಮನುಷ್ಯರು ಮೆಚ್ಚಿ ಬರುವುದಕ್ಕೆ ಯಾರೂ ಗ್ಯಾರಂಟಿ ಕೊಡಲಾರರು. ಕೊಡುತ್ತಾರೆ ಎಂದರೆ ಅವು ದುಡ್ಡಿಗೆ ಸಿಗುವ ಖೊಟ್ಟಿ ಖಾತೆಗಳು. ಅವು ಕಾಫಿ ಕುಡಿಯುವುದಿಲ್ಲ. ಅದಕ್ಕಿಂತ ಕೆಟ್ಟದ್ದು ಇನ್ನೊಂದಿದೆ. ನೀವು ಏನು ಹಾಕಿದರೂ ಅವು ನೋಡುವುದಿಲ್ಲ. 'ಇವರ ಫಾಲೋವರ್ಸೇ ಇವರನ್ನು ನೋಡುತ್ತಿಲ್ಲ' ಎಂದು ಇನ್‌ಸ್ಟಾಗ್ರಾಂ ತಿಳಿದುಕೊಂಡು ನಿಜವಾದವರಿಗೆ ತೋರಿಸುವುದನ್ನೂ ಕಡಿಮೆ ಮಾಡುತ್ತದೆ. ಆಗಾಗ ಅಂಥ ಖಾತೆಗಳನ್ನು ಗುಡಿಸಿಯೂ ಹಾಕುತ್ತಾರೆ.

ಎಲ್ಲ ಏಜೆನ್ಸಿಗಳೂ ಹೀಗಲ್ಲ. ಒಳ್ಳೆಯವರು ಮೊದಲು ನಿಮ್ಮ ಉಳಿತಾಯ ಎಷ್ಟು ಎಂದು ಕೇಳುತ್ತಾರೆ. ಮುಂದೆ ಯಾರನ್ನಾದರೂ ಇಟ್ಟುಕೊಂಡರೆ ಒಂದು ತಿಂಗಳಿಗಷ್ಟೇ ಒಪ್ಪಿ. ಪಾಸ್‌ವರ್ಡ್ ಕೊಡಬೇಡಿ. ಪೇಜ್ ನಿಮ್ಮ ಹೆಸರಲ್ಲೇ ಇರಲಿ, ಅವರಿಗೆ ಕೆಲಸ ಮಾಡುವಷ್ಟು ಅನುಮತಿ ಮಾತ್ರ. ಹಾಸನದ ಕಡೆಯ ಒಂದು ನರ್ಸರಿಯವರಿಗೆ ಪೇಜ್ ಮಾಡಿಕೊಟ್ಟವನು ತನ್ನದೇ ಇಮೇಲ್ ಹಾಕಿಕೊಂಡಿದ್ದ. ಜಗಳವಾದಾಗ ಹೆಸರು, ಫೋಟೊ, ಗಿರಾಕಿಗಳ ಮೆಸೇಜ್ ಎಲ್ಲ ಅವನ ಹತ್ತಿರವೇ ಉಳಿಯಿತು. ಅವರು ಹೊಸದಾಗಿ ಶುರು ಮಾಡಬೇಕಾಯಿತು.

ಬೂಸ್ಟ್‌ಗೆ ಹಾಕಿದ ಮೂರು ಸಾವಿರ ಯಾಕೆ ನೀರಿಗೆ ಹೋಯಿತು? ನೀವು ಕೇಳಿದ್ದನ್ನೇ ಅದು ಕೊಟ್ಟಿತು. ಬೂಸ್ಟ್ ಒತ್ತಿ ಏನೂ ಬದಲಿಸದಿದ್ದರೆ ಸಾಮಾನ್ಯವಾಗಿ ಲೈಕ್ ಒತ್ತುವ ಸ್ವಭಾವದವರನ್ನೇ ಅದು ಹುಡುಕುತ್ತದೆ. ಜಾಹೀರಾತು ಹಾಕಲೇಬೇಕು ಅನಿಸಿದರೆ ವಾಟ್ಸ್‌ಆ್ಯಪ್‌ಗೆ ಮೆಸೇಜ್ ತರಿಸುವ ಗುರಿ ಆರಿಸಿ. ಇಡೀ ರಾಜ್ಯ ಬೇಡ, ನಿಮ್ಮ ಹಳೇ ಆರ್ಡರುಗಳು ಜಾಸ್ತಿ ಹೋದ ಬೆಂಗಳೂರಿನ ಒಂದೆರಡು ಬಡಾವಣೆ ಸಾಕು. ಹಾಕಿದ ದುಡ್ಡಿನ ಮೇಲೆ 18% ಜಿಎಸ್‌ಟಿ ಬೇರೆ ಬೀಳುತ್ತದೆ, ಲೆಕ್ಕದಲ್ಲಿ ಇಟ್ಟುಕೊಳ್ಳಿ. ನನ್ನ ಸಲಹೆ ಕೇಳಿದರೆ, ವಾಟ್ಸ್‌ಆ್ಯಪ್ ಪಟ್ಟಿಯಿಂದ ಮರು ಆರ್ಡರ್ ಬರಲು ಶುರುವಾಗುವವರೆಗೆ ಜಾಹೀರಾತಿಗೆ ಕೈ ಹಾಕಬೇಡಿ. ಸೋರುವ ಜಾಗ ಮುಚ್ಚದೆ ದುಡ್ಡು ಸುರಿದರೆ ಹೊಸಬರೂ ಒಮ್ಮೆ ಕೊಂಡು ಹೋಗಿಬಿಡುತ್ತಾರೆ.

ಆನ್‌ಲೈನ್‌ಗೆ ಬಂದ ಕೂಡಲೇ ಕಾನೂನಿನ ಕಣ್ಣಿಗೂ ಬೀಳುತ್ತೀರಿ. ಇದನ್ನು ಹೆದರಿಸಲು ಹೇಳುತ್ತಿಲ್ಲ. ಪ್ಯಾಕೆಟ್ ಮೇಲೆ ಆಹಾರ ಸುರಕ್ಷತಾ ಪ್ರಾಧಿಕಾರವಾದ ಎಫ್‌ಎಸ್‌ಎಸ್‌ಎಐನ 14 ಅಂಕಿಯ ಸಂಖ್ಯೆ, ತೂಕ, ಎಂಆರ್‌ಪಿ, ತಯಾರಿಸಿದ ತಿಂಗಳು, ನಿಮ್ಮ ವಿಳಾಸ, ದೂರಿಗೆ ಫೋನ್ ನಂಬರ್ ಇರಲೇಬೇಕು. ಚಿಕೋರಿ ಬೆರೆಸಿದ್ದರೆ ಕಾಫಿ ನೂರಕ್ಕೆ 51ಕ್ಕಿಂತ ಕಡಿಮೆ ಇರುವಂತಿಲ್ಲ. ಕಾಫಿ ಎಷ್ಟು, ಚಿಕೋರಿ ಎಷ್ಟು ಎಂದು ಲೇಬಲ್ ಮೇಲೆ ಶೇಕಡಾವಾರು ಬರೆಯಲೇಬೇಕು. 'ಚಿಕ್ಕಮಗಳೂರು ಅರೇಬಿಕಾ' ಮತ್ತು 'ಬಾಬಾಬುಡನ್‌ಗಿರಿ ಅರೇಬಿಕಾ'ಗಳಿಗೆ 2019ರಲ್ಲಿ ಜಿಐ, ಅಂದರೆ ಇಂಥ ಜಾಗದ್ದೇ ಬೆಳೆ ಎಂಬ ಭೌಗೋಳಿಕ ಗುರುತು ಸಿಕ್ಕಿದೆ. ಆ ಹೆಸರನ್ನು, ಲಾಂಛನವನ್ನು ಜಿಐ ಆಗಿ ಬಳಸಲು ಅಧಿಕೃತ ಬಳಕೆದಾರರಾಗಿ ನೋಂದಣಿ ಆಗಬೇಕು. ಕಾಫಿ ಮಂಡಳಿಯ ಕಚೇರಿಯಲ್ಲಿ ವಿಚಾರಿಸಿ. ಸ್ವಂತ ತೋಟ ಇರುವ ನಿಮಗೆ ಅದು ನಿಜಕ್ಕೂ ಉಪಯೋಗಕ್ಕೆ ಬರುತ್ತದೆ. ಚೆನ್ನೈನಿಂದಲೋ ಹೈದರಾಬಾದಿನಿಂದಲೋ ಆರ್ಡರ್ ಬಂತು ಎಂದು ಖುಷಿಯಿಂದ ಕಳಿಸುವ ಮೊದಲು ನಿಮ್ಮ ಆಡಿಟರ್ ಹತ್ತಿರ ಮಾತಾಡಿ. ಹೊರರಾಜ್ಯಕ್ಕೆ ಇಂಥ ಸರಕು ಮಾರಲು ವಹಿವಾಟು ಎಷ್ಟೇ ಸಣ್ಣದಿರಲಿ, ಜಿಎಸ್‌ಟಿ ನೋಂದಣಿ ಬೇಕು. 'ಶುಗರ್ ಇಳಿಯುತ್ತದೆ', 'ತೂಕ ಕರಗುತ್ತದೆ' ಎಂಬ ಮಾತುಗಳನ್ನು ಯಾರು ಹೇಳಿಕೊಟ್ಟರೂ ಹಾಕಬೇಡಿ. ಸುಳ್ಳು ಜಾಹೀರಾತಿಗೆ 2019ರ ಗ್ರಾಹಕ ರಕ್ಷಣಾ ಕಾಯ್ದೆಯಲ್ಲಿ 10 ಲಕ್ಷದವರೆಗೆ ದಂಡ ಇದೆ. ಒಂದು ಕಿಲೊ ಪುಡಿ ಬಿಟ್ಟಿ ತಗೊಂಡು ವಿಡಿಯೊ ಮಾಡುವ ಇನ್‌ಫ್ಲುಯೆನ್ಸರ್ ಬಂದರೆ, ಇದು ಜಾಹೀರಾತು ಎಂದು ಅವರು ವಿಡಿಯೊದಲ್ಲೇ ಹೇಳಬೇಕು. ನೀವೂ ಹಾಗೆ ಹೇಳಿಸಿ.

ಆ ಒಂದು ಸ್ಟಾರ್‌ಗೆ ಬರೋಣ. ಕಾಮೆಂಟ್ ಅಳಿಸಿದಾಗ ಆ ಮನುಷ್ಯನಿಗೆ ಅನಿಸಿದ್ದು 'ಹಾಗಾದರೆ ನನ್ನ ಮಾತು ನಿಜ' ಅಂತ. ಬೈಗುಳ, ಅಶ್ಲೀಲ ಬಿಟ್ಟರೆ ಬೇರೇನೂ ಅಳಿಸಬೇಡಿ. ಗೂಗಲ್‌ನಲ್ಲಿ ಅವರ ಕೆಳಗೆ ಉತ್ತರ ಬರೆಯಿರಿ: 'ನಿಮಗೆ ಬೇಜಾರಾಗಿದ್ದಕ್ಕೆ ಕ್ಷಮಿಸಿ. ನಮ್ಮಲ್ಲಿ ಚಿಕೋರಿ ಇಲ್ಲದ ಪುಡಿಯೂ ಇದೆ, 80:20 ಕೂಡ ಇದೆ. ಎರಡರ ಮೇಲೂ ಪ್ರಮಾಣ ಬರೆದಿರುತ್ತದೆ. ನೀವು ಕೊಂಡದ್ದು ಯಾವುದು ಎಂದು ತಿಳಿಸಿದರೆ ಚಿಕೋರಿ ಇಲ್ಲದ ಕಾಲು ಕಿಲೊ ಕಳಿಸಿಕೊಡುತ್ತೇವೆ.' ಬೇರೆಯವರು ಓದುವುದು ಅವರ ದೂರಿಗಿಂತ ಹೆಚ್ಚಾಗಿ ನಿಮ್ಮ ಉತ್ತರವನ್ನೇ. ಸ್ಟಾರ್ ಹೆಚ್ಚಿಸಲು ನೆಂಟರ ಹತ್ತಿರ ಬರೆಸುವುದು, ರಿವ್ಯೂ ಬರೆದರೆ ರಿಯಾಯಿತಿ ಕೊಡುವುದು ಎರಡೂ ಗೂಗಲ್ ನಿಯಮಕ್ಕೆ ವಿರುದ್ಧ, ಸಿಕ್ಕಿಬಿದ್ದರೆ ಎಲ್ಲ ರಿವ್ಯೂ ಹೋಗಬಹುದು. ನಿಜವಾದ ಗಿರಾಕಿಗೆ 'ಹೇಗಿತ್ತು ಎಂದು ಎರಡು ಸಾಲು ಬರೆಯಿರಿ' ಎಂದು ಕೇಳುವುದಕ್ಕೆ ಅಡ್ಡಿಯಿಲ್ಲ. ಕೇಳಿ. ನಮ್ಮ ಕಡೆಯವರು ಸಂಕೋಚ ಪಟ್ಟು ಕೇಳುವುದೇ ಇಲ್ಲ.

ನಂಬರ್ ಎಲ್ಲರಿಗೂ ಕಾಣುವ ಹಾಗೆ ಇಟ್ಟ ಮೇಲೆ ಮೋಸಗಾರರೂ ಬರುತ್ತಾರೆ. 'ಸೈನ್ಯದಲ್ಲಿದ್ದೇನೆ, ಇಪ್ಪತ್ತು ಕಿಲೊ ಬೇಕು, ದುಡ್ಡು ಹಾಕುತ್ತೇನೆ, ಈ ಕ್ಯೂಆರ್ ಸ್ಕ್ಯಾನ್ ಮಾಡಿ' ಅನ್ನುತ್ತಾರೆ. ದುಡ್ಡು ಬರಲು ಸ್ಕ್ಯಾನೂ ಬೇಡ, ಪಿನ್ನೂ ಬೇಡ. ಪಿನ್ ಒತ್ತಿದರೆ ದುಡ್ಡು ಹೋಗುವುದೇ. 'ನಿಮ್ಮ ಪೇಜ್ ಬಂದ್ ಆಗುತ್ತದೆ, ಈ ಲಿಂಕ್ ಒತ್ತಿ' ಎಂಬ ಮೆಸೇಜುಗಳೂ ಅಷ್ಟೆ. ಎಲ್ಲ ಖಾತೆಗೂ ಪಾಸ್‌ವರ್ಡ್ ಜೊತೆ ಇನ್ನೊಂದು ಗುರುತು ಕೇಳುವ ಎರಡು ಹಂತದ ಭದ್ರತೆ ಹಾಕಿಸಿ. ದುಡ್ಡು ಹೋದರೆ ತಡ ಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ.

ನಿಮ್ಮ ಮಾವನವರು ಹೇಳಿದ್ದು ಅರ್ಧ ಸರಿ. ಪುಡಿ ಚೆನ್ನಾಗಿದ್ದರೆ ಜನ ಮತ್ತೆ ಬರಬೇಕು ಎಂದುಕೊಳ್ಳುತ್ತಾರೆ. ಬರುವ ದಾರಿಯನ್ನು ನಾವು ತೋರಿಸಿರಬೇಕು. ಅವರನ್ನೂ ಇದಕ್ಕೆ ಸೇರಿಸಿಕೊಳ್ಳಿ. ಹಳೇ ಗಿರಾಕಿಗಳ ಮುಖ, ಹದ, ಮನೆಯಲ್ಲಿ ಎಷ್ಟು ಜನ ಎಂಬುದೆಲ್ಲ ಅವರಿಗೆ ಬಾಯಿಪಾಠ ಇರುತ್ತದೆ. ಅವರು ಹೇಳಲಿ, ಮಗ ವಾಟ್ಸ್‌ಆ್ಯಪ್‌ನಲ್ಲಿ ಲೇಬಲ್ ಹಾಕಲಿ.

ಮೂರು ತಿಂಗಳು ಹೀಗೆ ನಡೆಸಿ. ಫಾಲೋವರ್ಸ್ ಎಷ್ಟು ಎಂದು ಬರೆದಿಡಬೇಡಿ. ಒಂದು ಪುಸ್ತಕದಲ್ಲಿ ಎರಡೇ ಲೆಕ್ಕ ಇಡಿ: ಈ ತಿಂಗಳು ಎಷ್ಟು ಮನೆಯವರು ಎರಡನೇ ಸಲ ತರಿಸಿಕೊಂಡರು, ಹೊಸಬರು 'ನಿಮ್ಮ ಅಂಗಡಿ ಹೇಗೆ ಗೊತ್ತಾಯಿತು' ಎಂದರೆ ಏನು ಹೇಳಿದರು. ಮ್ಯಾಪ್, ಬ್ಲಾಗ್, ನೆಂಟರು, ರೀಲ್, ಯಾವುದರ ಮುಂದೆ ಗುರುತು ಜಾಸ್ತಿ ಬೀಳುತ್ತದೋ ನಾಲ್ಕನೇ ತಿಂಗಳಿನ ಸಮಯವನ್ನು ಅದಕ್ಕೆ ಕೊಡಿ. ಆ ಲೆಕ್ಕ ಇಟ್ಟುಕೊಂಡು ಮತ್ತೆ ಬರೆದರೆ, ಜಾಹೀರಾತಿಗೆ ಹಾಕಬಹುದಾ, ಎಷ್ಟು ಹಾಕಬಹುದು ಎಂದು ಆಗ ಖಚಿತವಾಗಿ ಹೇಳಬಹುದು.